ಮಂಡಿ ಆಪರೇಷನ್ ಆದವರಿಗೆ ದಿನಾ ರಕ್ತಪರೀಕ್ಷೆ ಯಾಕೆ?

ಮಂಡಿ ಕೀಲು ಬದಲಾಯಿಸಿಕೊಂಡವರಿಗೆಲ್ಲ ದಿನಾ ಬೆಳಿಗ್ಗೆ ಒಂದೇ ಪಟ್ಟಿಯ ರಕ್ತಪರೀಕ್ಷೆ ಬೇಡ ಎಂದು ಬರೆದಿದ್ದೆ. ಕೆಲವು ವೈದ್ಯರೂ ಆಸ್ಪತ್ರೆ ಆಡಳಿತದವರೂ ಖಾರವಾಗಿ ಉತ್ತರಿಸಿದ್ದಾರೆ. ಪರೀಕ್ಷೆಯೇ ಬೇಡ ಎಂದು ನಾನೆಲ್ಲೂ ಹೇಳಿಲ್ಲ. ಮೂತ್ರಪಿಂಡ ಸೊರಗಿದವರು ನೋವಿನ ಮಾತ್ರೆ ನುಂಗುತ್ತಿದ್ದರೆ ಕ್ರಿಯಾಟಿನಿನ್ ನೋಡಲೇಬೇಕು. ಮೊದಲೇ ರಕ್ತ ಕಡಿಮೆ ಇದ್ದವರಿಗೆ ಹಿಮೋಗ್ಲೋಬಿನ್ ನೋಡಲೇಬೇಕು. ನನ್ನ ತಕರಾರಿರುವುದು ರೋಗಿಯ ಮುಖ ನೋಡುವ ಮೊದಲೇ ತಯಾರಾಗಿರುವ ಪಟ್ಟಿಯ ಬಗ್ಗೆ.

"ಸೋಂಕು ಕಣ್ತಪ್ಪಿದರೆ ಹೊಣೆ ಯಾರು?" ಎಂದು ಕೇಳಿದ್ದಾರೆ. ಅವರ ಪ್ರಶ್ನೆಗಳಲ್ಲಿ ತೂಕದ್ದು ಇದೇ. ಕೃತಕ ಕೀಲಿಗೆ ಸೋಂಕು ತಗುಲಿದರೆ ಬ್ಯಾಕ್ಟೀರಿಯಾ ಲೋಹದ ಮೇಲೆ ಪೊರೆ ಕಟ್ಟಿಕೊಳ್ಳುತ್ತವೆ, ಔಷಧಿ ಅಲ್ಲಿ ಸರಿಯಾಗಿ ನಾಟುವುದಿಲ್ಲ, ಕೆಲವೊಮ್ಮೆ ಕೀಲನ್ನೇ ಕಿತ್ತು ಹೊಸದು ಹಾಕಬೇಕಾಗುತ್ತದೆ. ಆದರೆ ಸಿಆರ್‌ಪಿ ಎಂಬ, ಸೋಂಕಿನ ಸುಳಿವಿಗೆಂದು ನೋಡುವ ರಕ್ತದ ಅಂಶ ಸೋಂಕಿಲ್ಲದವರಲ್ಲೂ ಆಪರೇಷನ್ ಆದ ಎರಡು-ಮೂರನೇ ದಿನ ತುದಿಗೇರುತ್ತದೆ. ಮೂಳೆ ಕೊಯ್ದದ್ದಕ್ಕೆ ಮೈ ಕೊಡುವ ಉತ್ತರ ಅದು. ಇಳಿಯಲು ವಾರಗಳು ಬೇಕು, ಅಂಥದೇ ಇನ್ನೊಂದು ಪರೀಕ್ಷೆಯಾದ ಇಎಸ್‌ಆರ್‌ಗೆ ಇನ್ನೂ ಹೆಚ್ಚು. ಆ ದಿನಗಳ ಅಂಕಿಯೊಂದನ್ನೇ ಹಿಡಿದು ಸೋಂಕು ಇದೆ ಅಥವಾ ಇಲ್ಲ ಎನ್ನಲಾಗದು.

ಮಂಡಿ ಆಪರೇಷನ್ ಆದ ನನ್ನ ಅಮ್ಮನಿಗೆ ನಾಲ್ಕು ದಿನದಲ್ಲಿ ನಾಲ್ಕು ಸಲ ಸೂಜಿ ಚುಚ್ಚಿದರು. ಗಾಯದಿಂದ ನೀರು ಒಸರಿದ್ದು ಹನ್ನೊಂದನೇ ದಿನ, ಮನೆಯಲ್ಲಿ. ಆಸ್ಪತ್ರೆಗೆ ಫೋನ್ ಮಾಡಿದರೆ, "ಹೊಲಿಗೆ ಬಿಚ್ಚುವ ದಿನ ಬನ್ನಿ, ನೋಡೋಣ" ಅಂದರು. ಕಾಯದೆ ಅವತ್ತೇ ಕರೆದೊಯ್ದೆವು. ಗಾಯ ಮತ್ತೆ ತೆರೆದು ತೊಳೆಯಬೇಕಾಯಿತು. ಪುಣ್ಯಕ್ಕೆ ಕೀಲು ಉಳಿಯಿತು. ಆ ನಾಲ್ಕು ಪರೀಕ್ಷೆಗಳ ದುಡ್ಡಿನಲ್ಲಿ ಹತ್ತನೇ ದಿನ ಒಬ್ಬ ನರ್ಸ್ ಮನೆಗೆ ಬಂದು ಡ್ರೆಸ್ಸಿಂಗ್ ಬಿಚ್ಚಿ ನೋಡಬಹುದಿತ್ತು.

ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ಎಲ್ಲರಿಗೂ ಕಾಲಿನ ಡಾಪ್ಲರ್ ಸ್ಕ್ಯಾನ್ ಬೇಕು ಎಂಬ ವಾದವೂ ಬಂದಿದೆ. ಕುತ್ತು ನಿಜ. ಆದರೆ ಲಕ್ಷಣವೇ ಇಲ್ಲದವರಿಗೆ ವಾಡಿಕೆಯಂತೆ ಡಾಪ್ಲರ್ ಮಾಡಬೇಡಿ ಎಂದು ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿಯೇ 2011ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೆಪ್ಪಿನ ಸುಳಿವಿಗೆಂದು ರಕ್ತದಲ್ಲಿ ನೋಡುವ ಡಿ-ಡೈಮರ್ ಅಂತೂ ಆಪರೇಷನ್ ಆದವರಲ್ಲೆಲ್ಲ ಏರಿಯೇ ಇರುತ್ತದೆ. ಹೆಪ್ಪುಗಟ್ಟದಂತೆ ತಡೆಯುವುದು ರಕ್ತ ತೆಳುವಾಗಿಸುವ ಔಷಧಿ ಮತ್ತು ಬೇಗ ಎಬ್ಬಿಸಿ ನಡೆಸುವುದು. ಮೀನಖಂಡ ಊದಿಕೊಂಡರೆ, ಉಸಿರು ಕಟ್ಟಿದರೆ ಆಗ ಸ್ಕ್ಯಾನ್ ಮಾಡಲಿ, ಒಂದು ಗಳಿಗೆಯೂ ತಡಮಾಡದೆ.

"ಸರ್ಕಾರ ಕೀಲಿನ ಬೆಲೆ ಇಳಿಸಿತು, ಆಸ್ಪತ್ರೆ ನಡೆಯುವುದು ಹೇಗೆ?" ಎಂದವರಿದ್ದಾರೆ. 2017ರ ಆಗಸ್ಟ್‌ನಲ್ಲಿ, ನಮ್ಮ ಅನಂತಕುಮಾರ್ ಕೇಂದ್ರ ಸಚಿವರಾಗಿದ್ದಾಗ, ಕೋಬಾಲ್ಟ್-ಕ್ರೋಮಿಯಂ ಮಂಡಿ ಕೀಲಿಗೆ 54,720 ರೂಪಾಯಿಯ ಮಿತಿ ಬಂತು, ತೆರಿಗೆ ಬೇರೆ. ಅದಕ್ಕೆ ಮೊದಲು ಸರಾಸರಿ ಬೆಲೆ ಒಂದೂವರೆ ಲಕ್ಷದ ಮೇಲಿತ್ತು. ಮಿತಿ ಹಾಕಿದ್ದು ರೋಗಿಯ ಹೊರೆ ಇಳಿಸಲು. ಕೀಲಿನಲ್ಲಿ ಉಳಿದ ದುಡ್ಡು ಲ್ಯಾಬಿನ ಬಿಲ್ಲಿಗೆ ಹೋದರೆ ರೋಗಿಗೆ ಉಳಿಯುವುದೇನು? ಥಿಯೇಟರ್, ನರ್ಸಿಂಗ್‌ಗೆ ನಿಜವಾಗಿ ತಗಲುವ ಖರ್ಚನ್ನು ಪ್ಯಾಕೇಜಿನಲ್ಲಿ ಬಿಚ್ಚಿ ಬರೆಯಿರಿ. ಅದನ್ನು ನಾನು ಪ್ರಶ್ನಿಸುವುದಿಲ್ಲ.

ವಿಮೆ ಕೊಡುತ್ತದಲ್ಲ ಎನ್ನುವವರಿಗೆ ಒಂದೇ ಮಾತು: ವಿಮೆಯ ಮೊತ್ತಕ್ಕೂ ತಳವಿದೆ, ಬಹಳ ಜನರಿಗೆ ಎರಡನೇ ಮಂಡಿಯೂ ಬಾಕಿ ಇರುತ್ತದೆ.

ಉಳಿದದ್ದು ಕೋರ್ಟಿನ ಭಯ. ಸುಪ್ರೀಂ ಕೋರ್ಟಿನ 1995ರ ತೀರ್ಪಿನ ನಂತರ ವೈದ್ಯರು ಗ್ರಾಹಕ ಕಾನೂನಿನಡಿ ಬಂದದ್ದು ಹೌದು. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೃತ್ತಿಯಲ್ಲಿ ಒಪ್ಪಿತವಾದ ಕ್ರಮದಂತೆ ನಡೆದ ವೈದ್ಯರನ್ನು ನಿರ್ಲಕ್ಷ್ಯದ ಹೊಣೆಗಾರರೆನ್ನಲಾಗದು ಎಂದಿದೆ. ಜ್ವರವಿಲ್ಲ, ಗಾಯ ಒಣಗಿದೆ, ನಡೆಯುತ್ತಿದ್ದಾರೆ, ಈ ಹೊತ್ತು ಪರೀಕ್ಷೆ ಬೇಕಿಲ್ಲ ಎಂದು ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕಿ. ನಾಳೆ ಯಾರಾದರೂ ಕೇಳಿದರೆ ಪರಿಶೀಲಿಸಿದ ವೈದ್ಯರ ಆ ಬರಹವೇ ಮಾತಾಡುತ್ತದೆ.