ಮೂರು ದಿನದ ತರಬೇತಿ, ಮುನ್ನೂರು ದಿನದ ಅಂಗನವಾಡಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಆದರೂ ಅನೇಕ ಪಾಲಕರ ಪಾಲಿಗೆ ಅಂಗನವಾಡಿ ಎಂದರೆ ಊಟ ಕೊಡುವ ಜಾಗ, ಅಷ್ಟೆ.

ಅದು ಕಲಿಯುವ ಜಾಗವೂ ಆಗಲೆಂದು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮ ಆರಂಭಿಸಿತು. ಮುಖ್ಯ ತರಬೇತುದಾರರಿಗೆ ಎರಡು ದಿನ, ಅವರಿಂದ ಕಾರ್ಯಕರ್ತೆಯರಿಗೆ ಮೂರು ದಿನ ತರಬೇತಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ‘ಆಧಾರಶಿಲಾ’ ಎಂಬ ಪಠ್ಯಕ್ರಮ. ದಿನಕ್ಕೆ ಕನಿಷ್ಠ ಎರಡು ಗಂಟೆ ಆಟದ ಮೂಲಕ ಕಲಿಕೆ ಎಂಬುದು ಗುರಿ.

ಆ ಎರಡು ಗಂಟೆ ಎಲ್ಲಿಂದ ಬರಬೇಕು? ಕಾರ್ಯಕರ್ತೆ ಮಕ್ಕಳನ್ನು ತೂಗಬೇಕು, ಲಸಿಕೆಯ ದಿನ ತಾಯಂದಿರನ್ನು ಕರೆತರಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಎಲ್ಲವನ್ನೂ ಮೊಬೈಲಿನಲ್ಲಿ ದಾಖಲಿಸಬೇಕು. ತರಬೇತಿಯಲ್ಲಿ ಬೊಂಬೆ ಮಾಡಲು ಕಲಿಸುತ್ತಾರೆ. ಬೊಂಬೆ ಆಡಿಸಲು ಬಿಡುವು ಕೊಡುವುದಿಲ್ಲ. ಮೂರು ವರ್ಷದ ಮಗು ಮತ್ತು ಐದು ವರ್ಷದ ಮಗು ಒಂದೇ ಕೋಣೆಯಲ್ಲಿರುವುದು ಬೇರೆ!

ಇನ್ನೊಂದು ಅಡ್ಡಿ ಮನೆಯಿಂದಲೇ ಬರುತ್ತದೆ. ಹುಣಸೆ ಬೀಜ, ಕಡಲೆಕಾಳು ಬೇರ್ಪಡಿಸುತ್ತಿರುವ ಮಗುವನ್ನು ಕಂಡ ತಾಯಿ, ‘ಇನ್ನೂ ಎಬಿಸಿಡಿ ಬರೆಸಿಲ್ಲವೇ?’ ಎನ್ನುತ್ತಾಳೆ. ಬೇರ್ಪಡಿಸುವುದು, ಎಣಿಸುವುದು, ಯಾವ ರಾಶಿ ದೊಡ್ಡದೆಂದು ಹೇಳುವುದು ಗಣಿತದ ಆರಂಭವೆಂದು ಕಾರ್ಯಕರ್ತೆಗೆ ತರಬೇತಿಯಲ್ಲಿ ತಿಳಿದಿದೆ. ತಾಯಿಗೆ ಯಾರೂ ಹೇಳಿಲ್ಲ. ಮುಂದಿನ ಜೂನ್‌ನಲ್ಲಿ ಆ ಮಗು ಸಾಲ ಮಾಡಿ ಫೀಸು ಕಟ್ಟಿದ ಕಾನ್ವೆಂಟಿನಲ್ಲಿರುತ್ತದೆ, ಪೆನ್ಸಿಲ್ ಹಿಡಿಯಲು ಬಾರದ ಬೆರಳುಗಳಿಂದ ಅಕ್ಷರ ತಿದ್ದುತ್ತಾ.