ಉತ್ತರಕ್ಕೆ ಮುನ್ನ ಅಂದಾಜು

ಕೂಡಿ ಕಳೆಯುವುದರಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ. ಆದರೆ ಅದು ಲೆಕ್ಕ ಹಾಕುವುದು ನಾಳೆ ಜನ ವಾಸಿಸುವ ಕಟ್ಟಡವನ್ನಲ್ಲ, ಎಂಜಿನಿಯರ್ ತನಗೆ ತಿಳಿದಂತೆ ರೂಪಿಸಿ ಒಳಗೆ ಹಾಕಿದ ಮಾದರಿಯನ್ನು. ಮಾದರಿ ತಪ್ಪಿದ್ದರೆ ಉತ್ತರವೂ ತಪ್ಪು. ಅದೂ ಮೂರು ದಶಮಾಂಶ ಸ್ಥಾನಗಳವರೆಗೆ ಅಚ್ಚುಕಟ್ಟಾಗಿ.

ಉತ್ತರ ಸಮುದ್ರದಿಂದ ಅನಿಲ ತೆಗೆಯಲು ನಾರ್ವೆಯವರು ಸ್ಲೈಪ್ನರ್ ಎ ಎಂಬ ವೇದಿಕೆ ಕಟ್ಟುತ್ತಿದ್ದರು. 1991ರ ಆಗಸ್ಟ್ 23ರಂದು, ಸ್ಟಾವಂಗರ್ ಬಳಿ ಅದರ ಕಾಂಕ್ರೀಟ್ ತಳಭಾಗವನ್ನು ನೀರಿಗಿಳಿಸಿ ಪರೀಕ್ಷಿಸುತ್ತಿದ್ದಾಗ ಗೋಡೆಯೊಂದು ಬಿರಿದು ಇಡೀ ರಚನೆ ಮುಳುಗಿತು. ನಷ್ಟ ಸುಮಾರು 70 ಕೋಟಿ ಡಾಲರ್. ವಿನ್ಯಾಸಕ್ಕೆ ಬಳಸಿದ್ದು ನಾಸ್ಟ್ರಾನ್ ಎಂಬ ಹೆಸರಾಂತ ತಂತ್ರಾಂಶ. ಎಡವಿದ್ದು ಅದನ್ನು ಬಳಸಿದ ಬಗೆಯಲ್ಲಿ. ಗೋಡೆಗಳು ಕೂಡುವ ಜಾಗವನ್ನು ಸಣ್ಣ ತುಂಡುಗಳಾಗಿ ವಿಂಗಡಿಸುವ ಬದಲು ದೊಡ್ಡ ತುಂಡುಗಳಲ್ಲಿ ಮುಗಿಸಿದ್ದರಿಂದ, ಅಲ್ಲಿನ ಶಿಯರ್ (ಕತ್ತರಿಸುವ) ಒತ್ತಡ ಲೆಕ್ಕದಲ್ಲಿ ಶೇ. 47ರಷ್ಟು ಕಡಿಮೆ ಬಂತು. ಆ ಅಂಕಿ ನಂಬಿದ್ದಕ್ಕೆ ಗೋಡೆಯ ದಪ್ಪ ಸಾಲಲಿಲ್ಲ. ಅವಘಡದ ನಂತರ ಎಚ್ಚರದಿಂದ ಮಾಡಿದ ಕಂಪ್ಯೂಟರ್ ಲೆಕ್ಕ, ಗೋಡೆ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದಿತು. ಒಡೆದದ್ದು 65ರಲ್ಲಿ.

ಹಾಗೆಂದು ಕೈಲೆಕ್ಕದ ಕಾಲವೇ ಚೆನ್ನಾಗಿತ್ತು ಎನ್ನಲಾಗದು. ಕೆನಡಾದ ಕ್ವಿಬೆಕ್ ಸೇತುವೆ 1907ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು 75 ಮಂದಿ ಸತ್ತರು. ನಡುವಿನ ಅಂಕಣವನ್ನು 1,600 ಅಡಿಯಿಂದ 1,800ಕ್ಕೆ ಹಿಗ್ಗಿಸಿದ ಮೇಲೂ ಸೇತುವೆಯ ಸ್ವಂತ ತೂಕವನ್ನು ಸಕಾಲದಲ್ಲಿ ಮರುಲೆಕ್ಕ ಹಾಕಿರಲಿಲ್ಲ. ಕಾಗದವಾದರೇನು, ಪರದೆಯಾದರೇನು, ಬಂದ ಅಂಕಿಯನ್ನು ಅನುಮಾನಿಸುವವರಿಲ್ಲದಿದ್ದರೆ ಗತಿ ಒಂದೇ. ಆದರೂ ಒಂದು ವ್ಯತ್ಯಾಸವಿದೆ. ಭಾರ ಯಾವ ದಾರಿಯಲ್ಲಿ ನೆಲಕ್ಕಿಳಿಯುತ್ತದೆ ಎಂದು ಯೋಚಿಸದೆ ಕೈಲೆಕ್ಕ ಮುಂದೆ ಸಾಗದು. ತಂತ್ರಾಂಶದಲ್ಲಿ ಯೋಚಿಸದೆಯೂ ಉತ್ತರ ಬಂದುಬಿಡುತ್ತದೆ.

ಬೆಂಗಳೂರಿನಲ್ಲಿ ಇಂದು ಸಾಧಾರಣ ಮನೆಯ ವಿನ್ಯಾಸಕ್ಕೂ ಈಟ್ಯಾಬ್ಸ್, ಸ್ಟಾಡ್‌ನಂಥ ತಂತ್ರಾಂಶಗಳನ್ನು ತೆರೆಯುತ್ತಾರೆ. ಅದು ತಪ್ಪಲ್ಲ. ಆದರೆ ಬಂದ ಉತ್ತರವನ್ನು ತಾಳೆ ನೋಡಲು ಒಂದು ಅಂದಾಜೂ ಬೇಕು. ವಾಸದ ಕಾಂಕ್ರೀಟ್ ಕಟ್ಟಡದಲ್ಲಿ ಅಂತಸ್ತಿಗೆ, ಚದರ ಮೀಟರಿಗೆ ಒಂದು ಟನ್ನಿನ ಆಸುಪಾಸು ಭಾರ ಎಂಬುದು ಅನುಭವಿಗಳ ಅಂದಾಜು. ಅಂತಸ್ತಿಗೆ 100 ಚದರ ಮೀಟರಿನ ನಾಲ್ಕಂತಸ್ತಿನ ಮನೆ ಎಂದರೆ ಸುಮಾರು 400 ಟನ್. ಕಂಬಗಳ ಬುಡದಲ್ಲಿ ತಂತ್ರಾಂಶ ಒಟ್ಟು 200 ಟನ್ ತೋರಿಸಿದರೆ, ಗೋಡೆಯ ಭಾರ ಹಾಕುವುದೇ ಮರೆತಿರಬಹುದು. ಇದನ್ನು ಹಿಡಿಯಲು ಅರ್ಧ ನಿಮಿಷ ಸಾಕು. ಆದರೆ 400 ಎಂಬ ಸಂಖ್ಯೆ ಮೊದಲೇ ತಲೆಯಲ್ಲಿರಬೇಕು. ಮೂಲತತ್ವ ಬಲ್ಲವನಿಗೆ ಸಿಗುವ ದೊಡ್ಡ ಲಾಭ ಇದೇ: ತಪ್ಪು ಉತ್ತರ ಕಂಡಾಗ ಅವನಿಗೆ ಅನುಮಾನ ಹುಟ್ಟುತ್ತದೆ.

ಆದ್ದರಿಂದ ಎಂಜಿನಿಯರಿಂಗ್ ಕಾಲೇಜುಗಳು ತಂತ್ರಾಂಶದ ತರಗತಿಗೆ ಒಂದು ನಿಯಮ ತರಲಿ. ಉತ್ತರ ಎಷ್ಟರ ಸುಮಾರಿಗೆ ಬರಬೇಕೆಂದು ಕಾಗದದಲ್ಲಿ ಬರೆದ ಮೇಲೆಯೇ ವಿದ್ಯಾರ್ಥಿ ಕೀಲಿಮಣೆ ಮುಟ್ಟಲಿ. ಅಂದಾಜು, ತಂತ್ರಾಂಶದ ಉತ್ತರ ಎರಡೂ ತಾಳೆಯಾಗದಿದ್ದರೆ, ಏಕೆಂದು ವಿವರಿಸಿದವರಿಗೆ ಹೆಚ್ಚಿನ ಅಂಕ ಸಿಗಲಿ. ಕಚೇರಿಗಳಲ್ಲೂ ಅಷ್ಟೇ: ತನ್ನದೇ ಅಂದಾಜು ಇಲ್ಲದವರು ನಕ್ಷೆಗೆ ಸಹಿ ಹಾಕಬಾರದು.