ಆಸ್ಪತ್ರೆಗೂ ಮುನ್ನಿನ ಹತ್ತು ನಿಮಿಷ

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಮಂಜೇಶ್ವರ ತಾಲೂಕು ತತ್ತರಿಸಿತು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ರೋಗಿಗಳು ಮೃತಪಟ್ಟ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ಅಂದಿನಿಂದ ಆರೋಗ್ಯದ ಕುರಿತ ನಮ್ಮ ಚರ್ಚೆ ಗಡಿ ಮತ್ತು ಆಸ್ಪತ್ರೆಗಳ ಸುತ್ತಲೇ ನಡೆಯುತ್ತಿದೆ. ಆ ಬೇಡಿಕೆ ನ್ಯಾಯವಾದುದೇ. ಆದರೆ ಹಠಾತ್ ಹೃದಯಸ್ತಂಭನದ ಮಟ್ಟಿಗೆ ಗಡಿ ತೆರೆದಿದ್ದರೂ ಮೀಂಜಕ್ಕೆ ಮಂಗಳೂರು ದೂರವೇ.

ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆಯಿರುತ್ತದೆ. ಹೃದಯಸ್ತಂಭನದಲ್ಲಾದರೋ ರಕ್ತ ಹರಿಸುವ ಕೆಲಸವೇ ನಿಲ್ಲುತ್ತದೆ. ವ್ಯಕ್ತಿ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ. ಉಸಿರು ನಿಂತಿರುತ್ತದೆ, ಇಲ್ಲವೇ ಬಿಟ್ಟುಬಿಟ್ಟು ಏದುಸಿರು ಬರುತ್ತಿರುತ್ತದೆ. ಈ ಏದುಸಿರನ್ನು ಜೀವಂತಿಕೆಯ ಲಕ್ಷಣವೆಂದು ನಂಬಿ ಕಾಯುವುದೇ ದೊಡ್ಡ ತಪ್ಪು. ನೆರವಿಲ್ಲದೆ ಕಳೆಯುವ ಪ್ರತಿ ನಿಮಿಷವೂ ಬದುಕುಳಿಯುವ ಸಾಧ್ಯತೆಯನ್ನು ಶೇಕಡಾ 7ರಿಂದ 10ರಷ್ಟು ಕುಗ್ಗಿಸುತ್ತದೆ.

ಮಾಡಬೇಕಾದುದು ಸರಳ. ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಮತ್ತೊಂದು ಕೈಯಿರಿಸಿ, ಮೊಣಕೈ ಮಡಚದೆ ಒತ್ತಬೇಕು. ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಒತ್ತಿನ ಬಳಿಕ ಎದೆ ಪೂರ್ತಿ ಮೇಲೇಳಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ನೀರು ಕುಡಿಸುವುದು, ಎತ್ತಿ ಕೂರಿಸುವುದು ಸಲ್ಲದು.

ಇದು ಓದಿ ಕಲಿಯುವ ವಿದ್ಯೆಯಲ್ಲ, ಕೈಯಿಂದ ಕಲಿಯುವುದು. ಡೆನ್ಮಾರ್ಕ್ 2005ರಲ್ಲಿ ಇದನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಇತರ ಕ್ರಮಗಳೂ ಜೊತೆಗೂಡಿ, 2001ರಲ್ಲಿ ಶೇಕಡಾ 21ರಷ್ಟಿದ್ದ ದಾರಿಹೋಕರ ನೆರವು 2010ರ ವೇಳೆಗೆ 45ಕ್ಕೇರಿತು. ಮೂವತ್ತು ದಿನ ಬದುಕುಳಿದವರ ಪ್ರಮಾಣ ಮೂರು ಪಟ್ಟಾಯಿತು. ಹನ್ನೆರಡನೆಯ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಕಲಿಸಿದರೆ ಸಾಕೆಂಬ ಸಲಹೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅನುಮೋದಿಸಿದೆ.

ಇಲ್ಲಿಯೇ ಭಾಷೆಯ ಪ್ರಶ್ನೆ ಏಳುತ್ತದೆ. ಗಾಬರಿಯ ಗಳಿಗೆಯಲ್ಲಿ ನೆನಪಿಗೆ ಬರುವುದು ತಾಯ್ನುಡಿಯಲ್ಲಿ ಕಲಿತ ಮಾತು. ಕನ್ನಡ ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನೀಡಿದೆ. ಆ ಹಕ್ಕು ಅರ್ಜಿ, ಉತ್ತರಗಳಿಗಷ್ಟೇ ಸೀಮಿತವಾದರೆ ಸಾಲದು. ಜೀವ ಉಳಿಸುವ ತರಬೇತಿಯೂ ಕನ್ನಡದಲ್ಲಿ ದೊರೆಯಬೇಕು. ಮೀಂಜದ ಪ್ರತಿ ಕನ್ನಡ ಮಾಧ್ಯಮ ಶಾಲೆಯ ರಕ್ಷಕ-ಶಿಕ್ಷಕ ಸಂಘವೂ ಪಂಚಾಯತ್ ಮತ್ತು ಆರೋಗ್ಯ ಇಲಾಖೆಗೆ ಕನ್ನಡದಲ್ಲೇ ಈ ಬೇಡಿಕೆ ಸಲ್ಲಿಸಲಿ. ಆಸ್ಪತ್ರೆಗಾಗಿ ಹೋರಾಡೋಣ, ಅದು ಬರುವವರೆಗೆ ಮಕ್ಕಳ ಕೈಗಳನ್ನು ಸಜ್ಜುಗೊಳಿಸೋಣ.